ಆರು ಕೋಳಿಗಳ ಬಾಣಂತನ

ಕೋಳಿ ಸಾಕುವ ಆಸೆ ನನಗೆ ಯಾವತ್ತೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಡಾಲಸ್ ಸುತ್ತಮುತ್ತಲಿನ ನಮ್ಮ ಕನ್ನಡದವರಲ್ಲಿ ಕೆಲವರು ಈಗಲೂ ನನ್ನನ್ನು ಕಂಡ ಕೂಡಲೇ "ಏನ್ರಿ, ಕೋಳಿ ಹೆಂಗದಾವ?" ಎಂದೇ ಮಾತು ಶುರು ಮಾಡುತ್ತಾರೆ. ಮೊಟ್ಟೆಯನ್ನೂ ತಿನ್ನದ ಮನೆಯವನಿಗೆ ಈ ಹೆಸರು ಬೇಕಿತ್ತೇ?

ಎಲ್ಲಾ ಶುರುವಾದದ್ದು ಒಂದು ಬಡಾಯಿಯಿಂದ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ನಾವು ಡಾಲಸ್‌ನ ಪೂರ್ವದ ಕಡೆ, ಹಳೆಯ ಮನೆಗಳ ಒಂದು ಬೀದಿಯಲ್ಲಿದ್ದೆವು. ಹಿತ್ತಲಿನ ಮರದ ಬೇಲಿಯ ಆಚೆ ಒಬ್ಬ ಮುದುಕರಿದ್ದರು. ರೈಲ್ವೆಯಲ್ಲಿ ದುಡಿದು ರಿಟೈರ್ ಆದವರು, ಒಬ್ಬರೇ ಇರುತ್ತಿದ್ದರು, ಆರು ಕೋಳಿ ಸಾಕಿದ್ದರು. ಐದು ಕಂದು ಬಣ್ಣದವು, ಒಂದು ಬಿಳಿಯದು. ಬಿಳಿಯದರ ಜುಟ್ಟು ಎಷ್ಟು ದೊಡ್ಡದೆಂದರೆ ಒಂದು ಕಣ್ಣಿನ ಮೇಲೆ ಜೋತುಬಿದ್ದಿರುತ್ತಿತ್ತು. ನವೆಂಬರಿನಲ್ಲಿ ಅವರು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು. ಚಳಿಗಾಲ ಮುಗಿಯುವವರೆಗೆ ಆಸ್ಟಿನ್‌ನಲ್ಲಿ ಮಗಳ ಮನೆಯಲ್ಲಿರಬೇಕು ಎಂದಾಯಿತು. ಮಗಳು ಕಾರಿನ ಇಂಜಿನ್ ಆರಿಸದೆ ಕಾಯುತ್ತಿದ್ದಳು. ಮುದುಕರು ಮುಂದಿನ ಸೀಟಿನಲ್ಲಿ ಕೂತು, ಕಿಟಕಿ ಇಳಿಸಿ, ನನ್ನನ್ನು ಕರೆದರು.

"ಸನ್, ನಿನಗೆ ಕೋಳಿ ಗೊತ್ತಾ?"

ನನಗೆ ಆಗ ನಲವತ್ತೊಂದು. ಆದರೂ ಅವರ ಬಾಯಲ್ಲಿ ನಾನು ಸನ್. "ಗೊತ್ತಾ ಅಂದರೆ? ನಾನು ಬೆಳೆದದ್ದೇ ಕೋಳಿಗಳ ನಡುವೆ" ಎಂದೆ.

ಸುಳ್ಳಲ್ಲ. ಗಜೇಂದ್ರಗಡದ ನಮ್ಮ ಓಣಿಯ ತುಂಬಾ ಕೋಳಿಗಳಿದ್ದವು. ಆದರೆ ಅವು ಬೇರೆಯವರವು. ನಮ್ಮ ಕಟ್ಟೆಯ ಮೇಲೆ ಒಣಹಾಕಿದ ಜೋಳಕ್ಕೆ ಬಂದರೆ "ಹುಶ್" ಅನ್ನುವುದು ನನ್ನ ಕೆಲಸ. ಆ "ಹುಶ್" ಒಂದೇ ನನಗೆ ಬರುತ್ತಿದ್ದ ಕೋಳಿ ವಿದ್ಯೆ. ಅಷ್ಟಕ್ಕೇ ನಾನು ಇನ್ನೊಬ್ಬರ ಆರು ಜೀವಗಳನ್ನು ಒಪ್ಪಿಕೊಂಡುಬಿಟ್ಟೆ.

"ಆರು ಕೊಡ್ತಿದ್ದೀನಿ, ಆರು ವಾಪಸ್ ಬೇಕು" ಎಂದರು ಮುದುಕರು. ನಗಲಿಲ್ಲ.

"ಆರಕ್ಕೆ ಆರು" ಎಂದೆ. ಕೈ ಕೂಡ ಕುಲುಕಿದೆ.

ಅವರ ಮನೆಯ ನೀರು, ಕರೆಂಟು ಎಲ್ಲಾ ಬಂದ್ ಮಾಡಬೇಕಾದ್ದರಿಂದ ಬೇಲಿಯ ನಾಲ್ಕು ಹಲಗೆ ಕಿತ್ತು ಕೋಳಿಗೂಡನ್ನು ನಮ್ಮ ಹಿತ್ತಲಿಗೆ ಎಳೆದು ತಂದೆವು. ಮರದ ಗೂಡು, ಒಳಗೆ ಅಡ್ಡಹಲಗೆ, ಸೂರಿನ ಕೆಳಗೆ ಎರಡೂ ಕಡೆ ಕೈಯಗಲದ ಉದ್ದ ಕಿಂಡಿ, ಅದಕ್ಕೆ ತಂತಿಬಲೆ. ಜೊತೆಗೆ ಒಂದು ಹಳದಿ ಕಾಗದ. ಅದರಲ್ಲಿ ದಪ್ಪ ಅಕ್ಷರದಲ್ಲಿ ಮುದುಕರ ಸೂಚನೆಗಳು.

ನಾನು ಇಂಗ್ಲಿಷ್ ನಿಧಾನವಾಗಿ ಓದುವವನು. ನನ್ನದೆಲ್ಲಾ ತಡವೇ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಹತ್ತನೆಯ ಇಯತ್ತೆ ಪಾಸಾದಾಗ ಇಪ್ಪತ್ಮೂರು. ಮದುವೆಯಾದಾಗ ಮೂವತ್ತಾರು. ಹೆಂಡತಿಯ ಅಣ್ಣ ಹ್ಯೂಸ್ಟನ್ ಕಡೆ ಕೇಟಿಯಲ್ಲಿ ಇಂಜಿನಿಯರ್. ಅವರ ಬೆನ್ನಿಗೆ ಬಿದ್ದು ಈ ದೇಶಕ್ಕೆ ಬಂದ ಮೇಲೆ, ಮೂವತ್ತೆಂಟರಲ್ಲಿ ಸಂಜೆ ಕಾಲೇಜಿಗೆ ಹೋಗಿ, ಹೀಟಿಂಗ್ ಮತ್ತು ಏಸಿ ರಿಪೇರಿಯ ಸರ್ಟಿಫಿಕೇಟ್ ತೆಗೆದುಕೊಂಡೆ. ಹೀಗಾಗಿ ಓದಿದ್ದನ್ನು ಹಗುರವಾಗಿ ತೆಗೆದುಕೊಳ್ಳುವವನಲ್ಲ ನಾನು. ಆ ಹಳದಿ ಕಾಗದವನ್ನು ಮೂರು ಸಲ ಓದಿದೆ. ನೀರು ಹೆಪ್ಪುಗಟ್ಟದಂತೆ ನೋಡು. ಹಾಸಿದ ಮರದ ಹೊಟ್ಟು ಒಣಗಿರಲಿ. ಸಂಜೆ ಒಂದು ಹಿಡಿ ಮೆಕ್ಕೆಜೋಳ ಹಾಕು. ಬಿಸಿ ಬಲ್ಬು ಹಾಕಬೇಡ, ಬೆಂಕಿ ಹತ್ತುತ್ತದೆ. ಚಳಿ ಹೆಚ್ಚಿದರೆ ಅಡ್ಡಹಲಗೆಯ ಅಗಲದ ಬದಿ ಮೇಲೆ ಮಾಡು, ಜುಟ್ಟಿಗೆ ಹಿಮ ಕಡಿದರೆ ತಿಕ್ಕಬೇಡ, ಕಾಸಬೇಡ. ಕೊನೆಗೆ, ಕೆಳಗೆ ಎರಡು ಗೆರೆ ಎಳೆದು: ಮೇಲಿನ ಕಿಂಡಿ ಮುಚ್ಚಬೇಡ, ಎಷ್ಟೇ ಚಳಿಯಿರಲಿ.

ಎಲ್ಲವೂ ಸರಿಯಾಗಿ ಅರ್ಥವಾಯಿತು. ಕೊನೆಯದನ್ನು ಮಾತ್ರ ನಾನು ನಂಬಲಿಲ್ಲ. ಚಳಿಗೆ ಕಿಂಡಿ ತೆಗೆದಿಡು ಅನ್ನುವ ಮಾತನ್ನು ನಮ್ಮ ಕಡೆಯ ಯಾವನೂ ನಂಬುವುದಿಲ್ಲ. ಅದರಲ್ಲೂ ಆ ತಿಂಗಳು ನಮ್ಮ ಮನೆಯಲ್ಲಿ ನಂಬುವುದು ಸಾಧ್ಯವೇ ಇರಲಿಲ್ಲ.

ಯಾಕೆಂದರೆ ನಮ್ಮ ಮನೆಯಲ್ಲಿ ಬಾಣಂತಿಯಿದ್ದಳು. ಡಿಸೆಂಬರ್ ಮೊದಲ ವಾರ ನಮಗೆ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಅತ್ತೆ ಗದಗದಿಂದ ಬಂದಿದ್ದರು. ಅವರು ಬಂದ ಮೇಲೆ ಹೆಂಡತಿಯ ಕೋಣೆಯ ಕಿಟಕಿಗೆ ಎರಡು ಪದರದ ಕೌದಿ ಬಿತ್ತು. ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದರು. ಹೆಂಡತಿಯ ಕಿವಿಗೆ ಅರಳೆ, ತಲೆಗೆ ಉಣ್ಣೆಯ ಸ್ಕಾರ್ಫ್. ದಿನವೂ ಎಣ್ಣೆನೀರು ಆದಮೇಲೆ ತಾಯಿಗೂ ಕೂಸಿಗೂ ಲೋಬಾನದ ಹೊಗೆ. ಹೊಗೆ ಎದ್ದ ಕೂಡಲೇ ಸ್ಮೋಕ್ ಅಲಾರ್ಮ್ ಕೂಗುವುದು, ಕೂಸು ಬೆಚ್ಚಿ ಅಳುವುದು, ನಾನು ಕುರ್ಚಿ ಹತ್ತಿ ಟವೆಲ್ ಬೀಸುವುದು. ಇದು ನಿತ್ಯದ ಪೂಜೆಯಂತೆ ನಡೆಯುತ್ತಿತ್ತು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಡಬೇಕೆಂದು ಅತ್ತೆ ಹಟ ಹಿಡಿದಾಗ ಮಾತ್ರ ನಾನು ಜಗ್ಗಲಿಲ್ಲ. ಮುಚ್ಚಿದ ಮನೆಯಲ್ಲಿ ಕೆಂಡ ಇಟ್ಟು ಮಲಗಿದವರು ಏಳುವುದಿಲ್ಲ ಅನ್ನುವುದು ನನ್ನ ಕಸುಬಿನ ಮೊದಲ ಪಾಠ. ಅದೊಂದರಲ್ಲಿ ಗೆದ್ದೆ, ಉಳಿದದ್ದರಲ್ಲೆಲ್ಲಾ ಸೋತೆ.

ಅತ್ತೆಯ ಜೊತೆ ವಾದ ಮಾಡುವುದೂ ಸುಲಭವಲ್ಲ. ಅವರು ಹಳೆಯ ಪದ್ಧತಿಯವರು, ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಬಾಗಿಲ ಮರೆಗೆ ನಿಂತು, ಮಗಳಿಗೆ ಹೇಳಿದಂತೆ ಅಳಿಯನಿಗೆ ಹೇಳಬೇಕು. ನಮ್ಮ ಅಡುಗೆಮನೆಗೆ ಬಾಗಿಲೇ ಇಲ್ಲ, ಎಲ್ಲಾ ಬಯಲು. ಹಾಗಾಗಿ ಫ್ರಿಜ್ಜಿನ ಮರೆಗೆ ನಿಲ್ಲುತ್ತಿದ್ದರು. ಕೂಸು ಹುಟ್ಟಿದ ಮೇಲೆ ಅವರಿಗೆ ಇನ್ನೂ ಅನುಕೂಲವಾಯಿತು. ಹೇಳುವುದನ್ನೆಲ್ಲಾ ಕೂಸಿಗೆ ಹೇಳುತ್ತಿದ್ದರು. ಹದಿನೈದು ದಿನದ ಕೂಸಿಗೆ, "ನಿಮ್ಮಪ್ಪಗ ಹೇಳವ್ವಾ, ಬೂಟು ಹೊರಗ ಬಿಡು ಅಂತ" ಎಂದರೆ, ಆ ಕೂಸಿನ ಜೊತೆ ನಾನು ಏನು ವಾದ ಮಾಡಲಿ?

ಕೋಳಿಯ ವಿಷಯದಲ್ಲಿ ಅವರಿಗೆ ಮೊದಲೇ ಸಿಟ್ಟು. "ಶಿವಪೂಜಿ ಮಾಡೋ ಮನ್ಯಾಗ ಕೋಳಿ! ನಮ್ಮ ಬೀಗರು ಕೇಳಿದ್ರ ಏನಂದಾರು, ಕೇಳವ್ವಾ ನಿಮ್ಮಪ್ಪನ್ನ."

"ಅವು ನಮ್ಮವಲ್ಲ, ಮಂದೀವು. ಚಳಿಗಾಲ ಮುಗಿದ ಕೂಡಲೇ ವಾಪಸ್ ಕೊಡೋದೈತಿ" ಎಂದು ನಾನು ಫ್ರಿಜ್ಜಿಗೆ ಹೇಳಿದೆ.

"ಮಂದೀವು ಅಂದಮ್ಯಾಲ ಇನ್ನೂ ಚಂದಾಗಿ ನೋಡಬೇಕಾಕ್ಕತಿ" ಎಂದಿತು ಫ್ರಿಜ್ಜು.

ಅದು ಖರೆ. ಪ್ರತಿ ಭಾನುವಾರ ಆಸ್ಟಿನ್‌ನಿಂದ ಮುದುಕರ ಫೋನ್ ಬರುತ್ತಿತ್ತು. ನಮಸ್ಕಾರವಿಲ್ಲ, ಯೋಗಕ್ಷೇಮವಿಲ್ಲ. "ಎಷ್ಟಿವೆ?" "ಆರು." "ಒಳ್ಳೇದು." ಫೋನ್ ಕಟ್. ದಿನ ಚಿಕ್ಕದಾದ ಮೇಲೆ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಅದಕ್ಕೂ ನಾನೇ ಹೊಣೆ. ಶನಿವಾರ ಮೊಟ್ಟೆ ಒಯ್ಯಲು ಬರುತ್ತಿದ್ದ ಮೈಸೂರಿನ ವಿದ್ಯಾರ್ಥಿನಿ ಖಾಲಿ ಡಬ್ಬಿ ಹಿಡಿದು, "ಅಂಕಲ್, ನೀವು ಅವಕ್ಕೆ ಸರಿಯಾಗಿ ಊಟ ಹಾಕ್ತಾ ಇಲ್ಲ ಅನ್ಸುತ್ತೆ" ಎಂದಳು. ಪಿಎಚ್‌ಡಿ ಮಾಡುವವಳು. ಮೆಕ್ಕೆಜೋಳದ ಚೀಲ ತೋರಿಸಿ ಕಳಿಸಿದೆ.

ಜನವರಿಯಲ್ಲಿ ಟಿವಿಯಲ್ಲಿ ನೀಲಿ, ನೇರಳೆ ಬಣ್ಣದ ನಕ್ಷೆ ಬಂತು. ಮಳೆ ಬೀಳುತ್ತಲೇ ಮಂಜುಗಡ್ಡೆ ಆಗುತ್ತದೆ, ರಸ್ತೆಗೆ ಇಳಿಯಬೇಡಿ ಎಂದರು. ಡಾಲಸ್‌ನ ಜನ ಅಷ್ಟಕ್ಕೇ ಅಂಗಡಿಗೆ ನುಗ್ಗಿ ಬ್ರೆಡ್ಡು ಹಾಲು ಖಾಲಿ ಮಾಡಿದರು. ನಾನು ಪ್ಲಾಸ್ಟಿಕ್ ಹಾಳೆಯ ಸುರುಳಿ ಮತ್ತು ಸ್ಟೇಪಲ್ ಗನ್ ತಂದೆ.

ಗೂಡಿನ ಸುತ್ತ ಪ್ಲಾಸ್ಟಿಕ್ ಬಿಗಿದೆ. ಕೆಳಗಿನ ಸಂದಿಗಳಿಗೆ ಚಿಂದಿ ತುಂಬಿದೆ. ಕಿಂಡಿಯ ಹತ್ತಿರ ಬಂದಾಗ ಕೈ ನಿಂತಿತು. ಹಳದಿ ಕಾಗದ ನೆನಪಾಯಿತು. ಅಷ್ಟರಲ್ಲಿ ಹಿಂದೆ ಕಿಟಕಿಯ ಕೌದಿ ಸರಿಯಿತು. ಅತ್ತೆ ಕೂಸನ್ನು ಎದೆಗೆ ಒತ್ತಿಕೊಂಡು ಗಾಜಿನ ಸಂದಿಯಿಂದ ನೋಡುತ್ತಿದ್ದರು.

"ನಿಮ್ಮಪ್ಪಗ ಹೇಳವ್ವಾ, ಮ್ಯಾಲಿನ ಕಿಂಡಿ ಹಂಗ ಬಿಟ್ಟಾನ. ಗಾಳಿ ಬಡದ್ರ ಬಾಣಂತಿಗೂ ಅಷ್ಟ, ಕೋಳಿಗೂ ಅಷ್ಟ. ಮಂದಿ ಜೀವ ಅದಾವ."

ಒಳಗಿನಿಂದ ಹೆಂಡತಿ, "ಯವ್ವಾ, ಆ ಅಜ್ಜ ಏನೋ ಬರದು ಕೊಟ್ಟಾರ, ಅವರು ನೋಡ್ಕೋತಾರ ಬಿಡು" ಎಂದಳು.

"ಬರದದ್ದು ಬರದದ್ದು. ಅವರಿಗೆಲ್ಲಿ ಗೊತ್ತು ಬೆಚ್ಚಗ ಇಡೋದು? ಹಡದ ಮರುದಿನ ಐಸ್ ನೀರು ಕೊಟ್ಟ ಮಂದಿ ಅವರು."

ಆಸ್ಪತ್ರೆಯಲ್ಲಿ ನರ್ಸ್ ಹೆಂಡತಿಗೆ ಐಸ್ ಹಾಕಿದ ನೀರು ಕೊಟ್ಟದ್ದನ್ನು ಅತ್ತೆ ಇನ್ನೂ ಕ್ಷಮಿಸಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕ್ಷಮಿಸಿರಲಿಲ್ಲ. ಕಿಂಡಿಗೆ ಚಿಂದಿ ತುರುಕಿದೆ, ಮೇಲೆ ಪ್ಲಾಸ್ಟಿಕ್ ಹೊಡೆದೆ, ಅದರ ಮೇಲೆ ಅತ್ತೆ ಕಿಟಕಿಯಿಂದ ಎಸೆದ ಹಳೆಯ ಕೌದಿಯನ್ನೂ ಹೊದಿಸಿ ಹಗ್ಗ ಕಟ್ಟಿದೆ. ಗೂಡು ನೋಡಲು ಥೇಟ್ ಸ್ಕಾರ್ಫ್ ಕಟ್ಟಿದ ಬಾಣಂತಿಯಂತೆ ಕಾಣುತ್ತಿತ್ತು. ನನಗೆ ಸಮಾಧಾನವಾಯಿತು.

ಅಂದು ಸಂಜೆಯಿಂದ ಮಂಜುಗಡ್ಡೆಯ ಮಳೆ. ಮರುದಿನವೂ ಅದೇ. ಮರದ ಟೊಂಗೆಗಳು ಗಾಜಿನ ಬಳೆ ತೊಟ್ಟಂತಾಗಿ ಒಂದೊಂದಾಗಿ ಮುರಿದು ಬೀಳುತ್ತಿದ್ದವು. ಮಧ್ಯಾಹ್ನ ಕರೆಂಟು ಹೋಯಿತು. ಗ್ಯಾಸ್ ಇದ್ದರೂ ಫ್ಯಾನ್ ಇಲ್ಲದೆ ಹೀಟರ್ ನಡೆಯುವುದಿಲ್ಲ. ಇಡೀ ಸಂಸಾರ ಮುಂದಿನ ಕೋಣೆಯ ಗ್ಯಾಸ್ ಒಲೆಗೂಡಿನ ಮುಂದೆ ಬಂತು. ಕಂಪನಿಯಿಂದ ನನಗೆ ಫೋನಿನ ಮೇಲೆ ಫೋನ್: ಅವರ ಹೀಟರ್ ನಿಂತಿದೆ, ಇವರ ಹೀಟರ್ ನಿಂತಿದೆ, ಹೋಗು. ರಸ್ತೆಯಲ್ಲಿ ನಿಲ್ಲಲೂ ಆಗುವುದಿಲ್ಲ, ಹೋಗುವುದೆಲ್ಲಿಗೆ? ನಡುವೆ ಕೇಟಿಯಿಂದ ಹೆಂಡತಿಯ ಅಣ್ಣನ ಫೋನ್.

"ಏನ್ರಿ, ಭಾಳ ಚಳಿಯಂತ ನಿಮ್ಮಲ್ಲಿ? ನಾ ಇಲ್ಲಿ ಬರೇ ಬನಿಯನ್ ಮ್ಯಾಲ ಅದೀನಿ. ಅಂದಂಗ ಕೋಳಿ ಯಾಕ್ರಿ ಬೇಕಿತ್ತು ನಿಮಗ? ಒಂದು ಕೆಲಸ ಮಾಡ್ರಿ, ಒಂದು ಸ್ವೆಟರ್ ಹಾಕಿಬಿಡ್ರಿ ಅವಕ್ಕ."

ಅವರ ಪಾಲಿಗೆ ಅದು ಜೋಕು. ಫೋನ್ ಇಟ್ಟುಬಿಟ್ಟೆ.

ಆ ಎರಡು ದಿನ ನಾನು ಗೂಡಿನ ಬಾಗಿಲನ್ನು ಬೆಳಿಗ್ಗೆ, ಸಂಜೆ ಒಂದು ಗೇಣು ಮಾತ್ರ ತೆರೆದು, ನೀರು ಕಾಳು ಒಳಗೆ ತಳ್ಳಿ, ಬೆಚ್ಚಗಿನ ಗಾಳಿ ಹೊರಗೆ ಹೋದೀತೆಂದು ಪಟ್ಟನೆ ಮುಚ್ಚುತ್ತಿದ್ದೆ. ಮೂರನೆಯ ಬೆಳಿಗ್ಗೆ ಬಿಸಿಲು ಬಂತು. ಕೌದಿ ಬಿಚ್ಚಿ ಬಾಗಿಲು ಪೂರ್ತಿ ತೆರೆದೆ.

ಮೊದಲು ಮೂಗಿಗೆ ಹೊಡೆದದ್ದು ವಾಸನೆ. ಕಣ್ಣಲ್ಲಿ ನೀರು ಬಂತು. ಆಮೇಲೆ ಕಂಡದ್ದು, ಮಾಡಿನ ಒಳಬದಿಯ ತುಂಬಾ ನೀರಿನ ಹನಿಗಳು, ಹನಿಹನಿಯೂ ಹೆಪ್ಪುಗಟ್ಟಿ ನಿಂತಿದ್ದವು. ಕೆಳಗಿನ ಹೊಟ್ಟು ಒದ್ದೆ ಮುದ್ದೆ. ಕೋಳಿಗಳು ಒಂದಕ್ಕೊಂದು ಒತ್ತಿ ಕೂತಿದ್ದವು, ಪುಕ್ಕ ಅಂಟಂಟು. ಬಿಳಿ ಕೋಳಿ ಮಾತ್ರ ಅಡ್ಡಹಲಗೆಯ ಮೇಲಿರಲಿಲ್ಲ. ಮೂಲೆಯಲ್ಲಿ ಕಣ್ಣು ಮುಚ್ಚಿ ಕುಸಿದಿತ್ತು. ಅದರ ದೊಡ್ಡ ಕೆಂಪು ಜುಟ್ಟಿನ ತುದಿಗಳೆಲ್ಲಾ ಬೂದಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದವು. ಉಳಿದವುಗಳಲ್ಲಿ ಮೂರರ ಜುಟ್ಟಿಗೂ ಬೂದಿ ಚುಕ್ಕೆ.

ಹೊರಗಿನ ಗಾಳಿ ಒಂದಿಷ್ಟೂ ಒಳಗೆ ಹೋಗಿರಲಿಲ್ಲ. ಅದೇ ಆಗಿದ್ದ ಅನಾಹುತ.

ಅಲ್ಲೇ ಬಕೆಟ್ಟಿನ ಮೇಲೆ ಕೂತೆ. ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ? ಇದು ನನಗೆ ಗೊತ್ತಿದ್ದ ಪಾಠ. ಬೆಚ್ಚಗಿನ ಗಾಳಿ ನೀರನ್ನು ಹೊತ್ತುಕೊಂಡಿರುತ್ತದೆ, ತಣ್ಣನೆಯ ಮಾಡು ತಾಗಿದ ಕೂಡಲೇ ಕೆಳಗೆ ಇಳಿಸುತ್ತದೆ. ಸಂಜೆ ಕಾಲೇಜಿನ ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾಗಿದ್ದೆ. ವಾರಕ್ಕೆ ಎರಡು ಸಲವಾದರೂ ಯಾರದೋ ಅಟ್ಟ ಹತ್ತಿ, ಅವರು ಚಳಿಗೆಂದು ಮುಚ್ಚಿದ ಕಿಂಡಿ ಬಿಚ್ಚಿ, "ನೋಡಿ, ಅಟ್ಟ ಉಸಿರಾಡಬೇಕು, ಇಲ್ಲದಿದ್ದರೆ ಒಳಗಿನ ತೇವವೇ ಮನೆ ತಿನ್ನುತ್ತದೆ" ಎಂದು ದೊಡ್ಡ ಮನುಷ್ಯನಂತೆ ಹೇಳಿ ಬರುವವನು ನಾನು. ಆರು ಕೋಳಿ ಎರಡು ದಿನ ಬಿಟ್ಟ ಉಸಿರು, ಹಾಕಿದ ಹಿಕ್ಕೆ, ಅದರ ತೇವವೆಲ್ಲಾ ಎಲ್ಲಿಗೆ ಹೋಗಬೇಕು? ಒಣ ಚಳಿಯನ್ನು ಪುಕ್ಕ ತಡೆಯುತ್ತದೆ. ಒದ್ದೆ ಜುಟ್ಟಿನ ಮೇಲೆ ಬಿದ್ದ ಚಳಿಯನ್ನು ಏನು ತಡೆದೀತು? ಊರಿನ ಓಣಿಯ ಕೋಳಿಗಳು ಮರದ ಮೇಲೆ ಕೂತು ಚಳಿಗಾಲ ಕಳೆದದ್ದನ್ನು ಕಣ್ಣಾರೆ ನೋಡಿದ್ದೆ. ಆದರೂ ಮುಚ್ಚಿದ್ದೆ. ಕಲಿತದ್ದೂ ಇತ್ತು, ಕಂಡದ್ದೂ ಇತ್ತು, ಬರೆದುಕೊಟ್ಟದ್ದೂ ಇತ್ತು. ಮೂರನ್ನೂ ಬಿಟ್ಟು ಬಾಣಂತನ ಮಾಡಿದ್ದೆ.

ಎದ್ದು ಪ್ಲಾಸ್ಟಿಕ್ ಹರಿದೆ. ಎರಡೂ ಕಡೆಯ ಕಿಂಡಿ ಬಿಚ್ಚಿದೆ. ಕೋಳಿಗಳು ಕೂರುವ ಎತ್ತರದವರೆಗೆ ಮಾತ್ರ ಗಾಳಿಗೆ ಮರೆ ಬಿಟ್ಟೆ. ತೇವ ಅವುಗಳ ತಲೆಯ ಮೇಲಿನಿಂದ ಹೊರಗೆ ಹೋಗಬೇಕು, ಗಾಳಿ ಮೈಗೆ ಹೊಡೆಯಬಾರದು. ಒದ್ದೆ ಹೊಟ್ಟನ್ನೆಲ್ಲಾ ಸಲಿಕೆಯಿಂದ ಎಳೆದು ಗ್ಯಾರೇಜಿನಲ್ಲಿದ್ದ ಒಣ ಹೊಟ್ಟು ಸುರಿದೆ. ಅಡ್ಡಹಲಗೆಯ ಅಗಲದ ಬದಿಯನ್ನು ಮೇಲೆ ಮಾಡಿ ಹೊಡೆದೆ, ಕೂತಾಗ ಕಾಲ್ಬೆರಳು ಪುಕ್ಕದ ಕೆಳಗೆ ಮುಚ್ಚಿಕೊಳ್ಳಲೆಂದು. ಅದೂ ಹಳದಿ ಕಾಗದದಲ್ಲಿ ಇತ್ತು, ಮರೆತಿದ್ದೆ.

ಬಿಳಿ ಕೋಳಿಯನ್ನು ಹಾಗೆ ಬಿಡುವಂತಿರಲಿಲ್ಲ. ಬಟ್ಟೆಯ ಬುಟ್ಟಿಯಲ್ಲಿ ಟವೆಲ್ ಹಾಸಿ ಅದನ್ನು ಎತ್ತಿಕೊಂಡು ಹಿಂಬಾಗಿಲಿಗೆ ಬಂದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು, ಹೆಗಲ ಮೇಲೆ ಕೂಸು.

"ನಿಮ್ಮಪ್ಪಗ ಕೇಳವ್ವಾ, ಬಾಣಂತಿ ಮನ್ಯಾಗ ಕೋಳಿ ತರಾಕ ಹತ್ಯಾನೇನು ಅಂತ."

"ಹೌದು ಅಂತ ಹೇಳವ್ವಾ" ಎಂದೆ ನಾನೂ ಕೂಸಿಗೆ. "ಬಟ್ಟಿ ಒಗಿಯೋ ಕ್ವಾಣ್ಯಾಗ ಇಡ್ತೀನಿ. ಅಲ್ಲಿ ಬಿಸಿನೂ ಇಲ್ಲ, ಹಿಮಾನೂ ಇಲ್ಲ. ಇದು ಸತ್ರ ನನ್ನ ಮಾತು ಸತ್ತಂಗ."

"ಮೈಲಿಗಿ ಆಕ್ಕತಿ!"

"ಯವ್ವಾ, ದಾರಿ ಬಿಡು" ಎಂದು ಹೆಂಡತಿ ಒಲೆಯ ಮುಂದಿನಿಂದ ಕೂಗಿದಳು. ಕಿವಿಯ ಅರಳೆ ಕಿತ್ತು ಕೈಯಲ್ಲಿ ಹಿಡಿದಿದ್ದಳು. "ಅವರು ನಿನಗ ಎದುರು ಮಾತಾಡಾಕ ಹತ್ಯಾರಂದ್ರ ಅದು ಸಾಯಾಕ ಬಂದೈತಿ. ಬಿಡು."

ಅತ್ತೆ ಬುಟ್ಟಿಯೊಳಗೆ ಇಣುಕಿದರು. ಬೂದಿ ಬಣ್ಣದ ಜುಟ್ಟು ಕಂಡಿತು. ಪಕ್ಕಕ್ಕೆ ಸರಿದರು.

ಸ್ವಲ್ಪ ಹೊತ್ತಿಗೆ ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ಮತ್ತೆ ಅವರೇ. ಕೈಯಲ್ಲಿ ತವೆಯ ಮೇಲೆ ಕಾಸಿದ ಬಟ್ಟೆಯ ಗಂಟು, ಕೂಸಿನ ಹೊಟ್ಟೆಗೆ ಕಾವು ಕೊಡುವಂಥದು. ಜುಟ್ಟಿಗೆ ಕಾವು ಕೊಡುವ ಲೆಕ್ಕ! "ಬ್ಯಾಡ್ರಿ ಅತ್ತಿ!" ಎಂದು ಕಿರುಚಿಬಿಟ್ಟೆ. "ಹಿಮ ಕಡದ ಜಾಗಾ ತಿಕ್ಕಬಾರದು, ಒಮ್ಮೆಲೆ ಕಾಸಬಾರದು. ಬರದು ಕೊಟ್ಟಾರ ಅಜ್ಜ!" ಈಗ ಮಾತ್ರ ಆ ಕಾಗದ ನನಗೆ ವೇದವಾಗಿತ್ತು. ಅತ್ತೆ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ಆಮೇಲೆ ಉಗುರುಬೆಚ್ಚಗಿನ ನೀರಿನ ಬಟ್ಟಲೊಂದು ಹೊಸ್ತಿಲ ಮೇಲೆ ಬಂದು ಕೂತಿತು. ಯಾರು ಇಟ್ಟರೆಂದು ನಾನೂ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಿಳಿ ಕೋಳಿ ಕಣ್ಣು ತೆರೆಯಿತು. ಕೊಕ್ಕನ್ನು ನೀರಿಗೆ ಅದ್ದಿತು. ನಂತರ ನನ್ನ ಹೆಬ್ಬೆರಳನ್ನು ಕುಕ್ಕಿತು, ರಕ್ತ ಬರುವ ಹಾಗೆ. ಬದುಕುತ್ತದೆ ಎಂದು ಗೊತ್ತಾಯಿತು.

ಮರುದಿನ ಭಾನುವಾರ. ಕರೆಂಟು ಬಂದಿತ್ತು. ಫೋನೂ ಬಂತು.

"ಎಷ್ಟಿವೆ?"

"ಆರು."

ಅವರು ಫೋನ್ ಇಡಲಿಲ್ಲ. "ಅಲ್ಲಿ ಐಸ್ ಬಿತ್ತಂತೆ. ಜುಟ್ಟು ಹೇಗಿವೆ?"

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಫ್ರಿಜ್ಜಿನ ಮರೆಯಲ್ಲಿ ಸೀರೆಯ ಅಂಚು ಕಾಣುತ್ತಿತ್ತು.

"ಕೆಂಪಗಿವೆ" ಎಂದೆ.

"ಒಳ್ಳೇದು."

ಫೋನ್ ಇಟ್ಟ ಮೇಲೆ ಹೆಂಡತಿ, "ಸುಳ್ಳ ಯಾಕ ಹೇಳಿದ್ರಿ?" ಎಂದಳು.

"ಮುದುಕರು ಅಲ್ಲಿ ಮಲಗಿದಲ್ಲೇ ಚಿಂತಿ ಮಾಡ್ತಾರ. ಬಂದಮ್ಯಾಲ ಹೇಳಿದ್ರಾತು."

"ಅವರ ಚಿಂತಿ ಅಲ್ಲ ಅದು, ನಿಮ್ಮ ಮರ್ಯಾದಿ ಚಿಂತಿ."

ಬಾಣಂತಿಯ ಜೊತೆ ಜಗಳ ಮಾಡಬಾರದು ಎಂದು ಬಿಳಿ ಕೋಳಿಯ ನೀರು ಬದಲಿಸಲು ಎದ್ದು ಹೋದೆ.

ಫೆಬ್ರವರಿಯಿಡೀ ನಾನು ಕಾದದ್ದು ಆ ಜುಟ್ಟುಗಳನ್ನು. ಬೂದಿ ಬಣ್ಣದ ತುದಿಗಳು ಕಪ್ಪಾದವು. ಆಮೇಲೆ ಒಣಗಿ, ಸುಟ್ಟ ಹಪ್ಪಳದ ಚೂರಿನಂತೆ ಉದುರಿದವು. ಚಳಿ ಬಿದ್ದ ದಿನ ಪೆಟ್ರೋಲಿಯಂ ಜೆಲ್ಲಿ ಸವರುತ್ತಿದ್ದೆ. ಹಿಡಿಯಲು ಹೋದರೆ ಆರೂ ಆರು ದಿಕ್ಕಿಗೆ ಓಡುತ್ತಿದ್ದವು. ಕೆಲಸದ ಬಟ್ಟೆಯಲ್ಲೇ ಮೊಣಕಾಲೂರಿ ಗೂಡಿನ ಕೆಳಗೆ ತೂರಿ ಎಳೆದು ತರಬೇಕು. ಕಂಪನಿಯಲ್ಲಿ ಒಬ್ಬ, "ನಿನ್ನ ಮೈಯಿಂದ ಏನು ವಾಸನೆ?" ಎಂದು ಕೇಳಿದ. ಮತ್ತೆ ಎರಡು ಸಲ ನೀರು ಹೆಪ್ಪುಗಟ್ಟುವ ಚಳಿ ಬಂತು. ಕಿಂಡಿ ತೆರೆದೇ ಇತ್ತು. ಬೆಳಿಗ್ಗೆ ಹೋಗಿ ಮಾಡಿನ ಒಳಬದಿಗೆ ಕೈ ಸವರಿದರೆ ಒಣ ಹಲಗೆ. ಹೊಸದಾಗಿ ಒಂದು ಚುಕ್ಕೆಯೂ ಬೀಳಲಿಲ್ಲ. ಅದರಿಂದ ನನಗೆ ಸಂತೋಷವಾಗುವ ಬದಲು ಇನ್ನಷ್ಟು ಸಿಟ್ಟೇ ಬಂತು. ಇಷ್ಟು ಸುಲಭವಿತ್ತು!

ಭಾನುವಾರದ ಪ್ರಶ್ನೆ ಮಾತ್ರ ಈಗ ಎರಡಾಗಿತ್ತು. "ಎಷ್ಟಿವೆ?" "ಆರು." "ಜುಟ್ಟು?" "ಕೆಂಪು." ಪ್ರತಿ ವಾರ ಆ ಸುಳ್ಳನ್ನು ಹೊಸದಾಗಿ ಹೇಳಬೇಕಾಗುತ್ತಿತ್ತು. ಒಂದು ಸಲ ಹೇಳಿ ಮುಗಿಸುವ ಸುಳ್ಳಾಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಮಾರ್ಚಿನ ಕೊನೆಯಲ್ಲಿ ಮುದುಕರು ಬಂದರು. ಮಗಳು ಸಾಮಾನು ಇಳಿಸುತ್ತಿರುವಾಗಲೇ, ಅಲ್ಯುಮಿನಿಯಂ ವಾಕರ್ ಊರುತ್ತಾ, ಬೇಲಿ ಕಿತ್ತ ಜಾಗದಿಂದ ನೇರವಾಗಿ ನಮ್ಮ ಹಿತ್ತಲಿಗೆ. ನಾನು ಬೆಳಗಿನಿಂದ ಇಂಗ್ಲಿಷಿನಲ್ಲಿ ಮಾತು ಜೋಡಿಸಿಕೊಂಡಿದ್ದೆ: ಮಂಜುಗಡ್ಡೆ, ಕರೆಂಟು, ಮನೆಯಲ್ಲಿ ಬಾಣಂತಿ. ಕೋಳಿಗಳು ಬಿಸಿಲಿನಲ್ಲಿ ಮಣ್ಣು ಕೆದರುತ್ತಿದ್ದವು. ಮುದುಕರು ಬೆರಳು ಎತ್ತಿ ಎಣಿಸಿದರು. ಆರು. ಬಿಳಿ ಕೋಳಿ ಅವರ ಕಾಲ ಬಳಿ ಬಂತು. ಈಗ ಅದರ ಎರಡೂ ಕಣ್ಣು ಚೆನ್ನಾಗಿ ಕಾಣುತ್ತಿದ್ದವು. ಯಾಕೆಂದರೆ ಜೋತುಬೀಳುವಷ್ಟು ಜುಟ್ಟು ಉಳಿದಿರಲಿಲ್ಲ.

ನನಗೆ ಕೈ ಸನ್ನೆ ಮಾಡಿದರು. ಎತ್ತಿ ಕೊಟ್ಟೆ. ಹೆಬ್ಬೆರಳಿನಿಂದ ಮೊಂಡು ಜುಟ್ಟಿನ ಅಂಚನ್ನು ಸವರಿದರು.

ಅಷ್ಟರಲ್ಲಿ ಹಿಂಬಾಗಿಲು ತೆರೆಯಿತು. ಅತ್ತೆ ಹೊರಗೆ ಬಂದರು. ಕೈಯಲ್ಲಿ ಕೂಸಿರಲಿಲ್ಲ. ಮೆಟ್ಟಿಲಿಳಿದು, ಮುದುಕರ ಎದುರಿಗೆ ನಿಂತು, ನನ್ನ ಮುಖವನ್ನೇ ನೋಡಿ ಹೇಳಿದರು:

"ಅಳ್ಯಾರ, ಕಿಂಡಿ ಮುಚ್ಚಂದಾಕಿ ನಾನು ಅಂತ ಹೇಳ್ರಿ ಅವರಿಗೆ."

ಐದು ವರ್ಷದ ಅಳಿಯತನದಲ್ಲಿ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ಇನ್ನಾವುದೋ ದಿನ ಆಡಬಾರದಿತ್ತೇ? ನಾನು ಜೋಡಿಸಿಕೊಂಡಿದ್ದ ಇಂಗ್ಲಿಷೆಲ್ಲಾ ಹೋಯಿತು.

"ಅವರು ಏನಂದರು?" ಎಂದರು ಮುದುಕರು.

"ಕಿಂಡಿ ಮುಚ್ಚಲು ಅವರೇ ಹೇಳಿದ್ದು ಅಂತ" ಎಂದೆ. "ಆದರೆ ಮುಚ್ಚಿದವನು ನಾನು. ನೀವು ಬರೆದದ್ದನ್ನು ಮೂರು ಸಲ ಓದಿದ್ದೆ. ನಂಬಲಿಲ್ಲ. ಈ ಕೆಲಸಕ್ಕೇ ನನಗೆ ಸರ್ಟಿಫಿಕೇಟ್ ಕೊಟ್ಟಿದ್ದಾರೆ, ಆದರೂ ನಂಬಲಿಲ್ಲ. ಆಮೇಲೆ ಜನವರಿಯಿಂದ ನಿಮಗೆ ಫೋನಿನಲ್ಲಿ ಸುಳ್ಳು ಹೇಳಿದೆ."

"ಅದು ಗೊತ್ತಿತ್ತು" ಎಂದರು ಮುದುಕರು. "ಜುಟ್ಟು ಹೇಗಿದೆ ಅಂದರೆ ಯಾರೂ ಅಷ್ಟು ಬೇಗ ಉತ್ತರ ಕೊಡಲ್ಲ."

"ಹೇಳಿದ್ರೇನ್ರಿ?" ಎಂದರು ಅತ್ತೆ.

"ಹೇಳಿದೆ, ಅತ್ತಿ."

"ಎಲ್ಲಾ?"

"ಎಲ್ಲಾ."

ಅತ್ತೆ ಮುದುಕರಿಗೆ ಕೈ ಮುಗಿದರು. ಮುದುಕರು ಬಿಳಿ ಕೋಳಿಯನ್ನು ವಾಪಸ್ ನನ್ನ ಕೈಗೆ ಕೊಟ್ಟು, ಟೋಪಿ ತೆಗೆದು ತಲೆ ಬಾಗಿಸಿದರು. "ಆರು ಕೊಟ್ಟಿದ್ದೆ. ಆರು ಇವೆ" ಎಂದರು ನನಗೆ. "ಜುಟ್ಟಿನ ತುದಿ ಮಾತಿನಲ್ಲಿ ಇರಲಿಲ್ಲ. ಆದರೆ ನೋಡಿದಾಗೆಲ್ಲಾ ನನಗೆ ಬೇಜಾರಾಗುತ್ತೆ. ನಿನಗೂ ಆಗಲಿ."

ಆಗುತ್ತಿತ್ತು. ಅವರು ಹೇಳಬೇಕಿರಲಿಲ್ಲ.

ಮರುದಿನ ಗೂಡನ್ನು ಎಳೆದು ಅವರ ಹಿತ್ತಲಿಗೆ ಮುಟ್ಟಿಸಿದೆ. ಸದ್ಯ ಮುಗಿಯಿತು ಎಂದುಕೊಂಡು ಬೇಲಿಯ ಹಲಗೆಗೆ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದಾಗ ಮುದುಕರು ತಡೆದರು. ಡಾಕ್ಟರ್ ಇನ್ನು ಬಗ್ಗಬಾರದು ಎಂದಿದ್ದಾರಂತೆ. ಬಗ್ಗದೆ ಗೂಡು ಗುಡಿಸುವುದು ಹೇಗೆ? ಹಲಗೆ ಹಾಗೇ ಇರಲಿ ಎಂದರು. ಕೇಳಿದ್ದಲ್ಲ, ಹೇಳಿದ್ದು.

ಹಾಗಾಗಿ ಕೆಲಸಕ್ಕೆ ಹೋಗುವ ಮುಂಚೆ ದಿನವೂ ಆ ಸಂದಿಯಿಂದ ದಾಟುತ್ತಿದ್ದೆ. ಮುದುಕರು ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಹೊಟ್ಟು ದಪ್ಪವಾಯಿತು, ಹೊಟ್ಟು ತೆಳುವಾಯಿತು, ನೀರಿನ ಬಟ್ಟಲು ಬಿಸಿಲಿನಲ್ಲಿದೆ. ಮೇ ತಿಂಗಳಲ್ಲಿ ಊರಿಗೆ ಹೊರಡುವವರೆಗೂ ಅತ್ತೆ ನಮ್ಮ ಕಡೆಯ ಮೆಟ್ಟಿಲ ಮೇಲೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಾ ಕೂತಿರುತ್ತಿದ್ದರು. ಈಗ ಅವರಿಗೆ ಕೂಸೂ ಬೇಕಿರಲಿಲ್ಲ, ಫ್ರಿಜ್ಜೂ ಬೇಕಿರಲಿಲ್ಲ.

"ಅಳ್ಯಾರ, ಆ ಬಲಗಡೆ ಕಿಂಡಿಗೆ ಜಾಡ ಕಟ್ಟೈತಿ ನೋಡ್ರಿ. ಗಾಳಿ ಹೆಂಗ ಆಡಬೇಕು?"

ಕಸಬರಿಗೆ ಎತ್ತಿಕೊಂಡು ಹೋಗಿ ಜೇಡರ ಬಲೆ ತೆಗೆದೆ. ಬಿಳಿ ಕೋಳಿ ಬೂಟಿನ ಲೇಸು ಎಳೆಯುತ್ತಿತ್ತು. "ಹುಶ್" ಎಂದೆ. ಕದಲಲಿಲ್ಲ.